ಕುರ್ಚಿಗೆ ಕಟ್ಟಿಕೊಂಡ ರೈಡರ್

ನಮ್ಮ ಕೋಚ್ ಸಾರ್ ಎಡಗಾಲು ಮಡಚಿದರೆ ಒಣ ಶೇಂಗಾಕಾಯಿ ಒಡೆದ ಹಾಗೆ 'ಚಟ್' ಅಂತ ಸದ್ದಾಗುತ್ತಿತ್ತು. ಮೊಣಕಾಲಿನ ಚಿಪ್ಪು ಉಬ್ಬಿರಬೇಕಾದ ಕಡೆ ಒಂದು ತಗ್ಗು, ತಗ್ಗಿನ ಮೇಲೆ ಗೇಣುದ್ದದ ಹೊಲಿಗೆ ಗುರುತು. ಅದನ್ನು ಮುಚ್ಚಿಕೊಳ್ಳುವ ಜನ ಅವರಲ್ಲ. ಕೇಳಿದವರಿಗೆಲ್ಲ ಪ್ಯಾಂಟು ಮೇಲೆತ್ತಿ ತೋರಿಸಿ, "ಒಂದು ಪಾಯಿಂಟಿಗೆ ಕೊಟ್ಟ ರೇಟು ಇದು" ಅನ್ನುತ್ತಿದ್ದರು.

ಅವರು ರಾಜ್ಯದ ಪರವಾಗಿ ಕಬಡ್ಡಿ ಆಡುತ್ತಿದ್ದ ಕಾಲ. ಫೈನಲ್ಲಿನ ಹೊತ್ತಿಗೆ ಮೊಣಕಾಲು ಊದಿತ್ತು, ಡಾಕ್ಟರು ಅಂಗಳಕ್ಕೆ ಇಳಿಯಬೇಡ ಅಂದಿದ್ದರು. ಆದರೆ ಸುತ್ತ ಸೇರಿದ್ದ ಜನ ಇವರ ಹೆಸರು ಹಿಡಿದು ಕೂಗಿದರು. ಹೆಸರು ಕೂಗಿದರೆ ಕೂರುವ ಜಾತಿಯ ಆಟಗಾರನಲ್ಲ ಈ ಮನುಷ್ಯ. ಇಳಿದರು, ಒಬ್ಬನನ್ನು ಮುಟ್ಟಿದರು, ಮಧ್ಯಗೆರೆಗೆ ಕೈ ಚಾಚುವಾಗ ಎದುರು ತಂಡದವರು ಕಾಲಿನ ಮೇಲೆ ರಾಶಿ ಬಿದ್ದರು. ಪಾಯಿಂಟು ಬಂತು, ಕಾಲು ಹೋಯಿತು. ಕಾಲಿನ ಹಿಂದೆಯೇ ಆಟ ಹೋಯಿತು, ಆಟದ ಬಲದ ಮೇಲೆ ಸಿಗಬೇಕಿದ್ದ ನೌಕರಿಯೂ ಹೋಯಿತು.

ನಾನು ಚಳ್ಳಕೆರೆಯ ಕುರಿ ವ್ಯಾಪಾರಿ. ಯಾವುದಕ್ಕೆ ಎಷ್ಟು ಕೊಡಬಹುದು ಅಂತ ಅಳೆಯುವುದೇ ನನ್ನ ಹೊಟ್ಟೆಪಾಡು. ಒಂದು ಪಾಯಿಂಟಿಗೆ ಒಂದು ಮೊಣಕಾಲು ಅಂದರೆ ತುಟ್ಟಿಯಾಯಿತು ಅಂತಲೇ ಆಗ ಅಂದುಕೊಂಡಿದ್ದೆ. ಈಗ, ಆ ಕಾಲು ಹೋಗಿದ್ದರಿಂದ ನನ್ನಂಥವರಿಗೆ ಏನೇನು ಬಂತು ಅನ್ನುವುದನ್ನೂ ತಕ್ಕಡಿಗೆ ಹಾಕಿ ನೋಡಿದರೆ, ಗಿಟ್ಟಿತು ಅನ್ನಲೇಬೇಕು.

ಅವರು ನಮ್ಮ ಕಾಲೇಜಿಗೆ ಬಂದಾಗ ನಾನು ಬಿ.ಎ. ಎರಡನೇ ವರ್ಷ. ತಂಡದಲ್ಲಿ ಎಡ ಕಾರ್ನರ್, ಅಂದರೆ ಅಂಗಳದ ಎಡ ಮೂಲೆಯಲ್ಲಿ ನಿಂತು, ನಮ್ಮನ್ನು ಮುಟ್ಟಲು ಬರುವ ರೈಡರ್ ಕಾಲಿಗೆ ಬೀಳುವ ಕೆಲಸ. ಕಾಲೇಜು ಖಾಸಗಿಯವರದು. ಆಡಳಿತ ಮಂಡಳಿಯ ಅಧ್ಯಕ್ಷರು ಎಣ್ಣೆ ಮಿಲ್ಲಿನ ಯಜಮಾನರು, ಮಾತಿನಲ್ಲೂ ಹಿಂಡಿ ತೆಗೆಯುವ ಜನ. ಪೇಪರಿನಲ್ಲಿ ಫೋಟೊ ಬಂದಿದ್ದ ಆಟಗಾರ ಪಕ್ಕದ ಮೊಳಕಾಲ್ಮೂರಿನಲ್ಲಿ ಅಣ್ಣನ ಮಗ್ಗದ ಮನೆಯಲ್ಲಿ ಸುಮ್ಮನೆ ಕೂತಿದ್ದಾನೆ ಅಂತ ಗೊತ್ತಾಗಿ ತಾವೇ ಕಾರು ಕಳಿಸಿ ಕರೆಸಿದರು. ಹಾರ ಹಾಕಿದರು, ಬ್ಯಾನರ್ ಕಟ್ಟಿಸಿದರು. ಒಳಗೆ ಕೂರಿಸಿ ಹೇಳಿದ್ದು ಮಾತ್ರ ಬೇರೆ: ಈ ವರ್ಷ ಅಂತರ ಕಾಲೇಜು ಪಂದ್ಯದಲ್ಲಿ ತಂಡ ಫೈನಲ್ ಮುಟ್ಟಬೇಕು. ಮುಟ್ಟಿದರೆ ಕೆಲಸ ಉಂಟು, ಇಲ್ಲದಿದ್ದರೆ ಹಾರದ ಜೊತೆಗೇ ಮನೆಗೆ.

ಸಾರ್ ಒಪ್ಪಿಕೊಂಡರು. ಒಪ್ಪದೆ ಏನು ಮಾಡುತ್ತಾರೆ? ಅಣ್ಣ ನೇಯ್ದು ಹಾಕಿದ ಅನ್ನ ಎಷ್ಟು ದಿನ ಉಂಡಾರು? ಅವರಿಗೆ ಮಗ್ಗ ಬರುತ್ತಿರಲಿಲ್ಲ, ವ್ಯಾಪಾರ ತಿಳಿಯುತ್ತಿರಲಿಲ್ಲ, ಕಬಡ್ಡಿ ಬಿಟ್ಟು ಜಗತ್ತಿನಲ್ಲಿ ಇನ್ನೊಂದು ಗೊತ್ತಿರಲಿಲ್ಲ. ನಮ್ಮ ಕಾಲೇಜೂ ಬೇಡ ಅಂದರೆ ಆ ಮನುಷ್ಯನಿಗೆ ಕಬಡ್ಡಿಯ ಬಾಗಿಲೇ ಮುಚ್ಚಿದ ಹಾಗೆ. ಇದು ನಮಗೆಲ್ಲ ಗೊತ್ತಿತ್ತು. ತಂಡದಲ್ಲಿ ನನ್ನ ಪಕ್ಕಕ್ಕೆ ನಿಲ್ಲುತ್ತಿದ್ದ ಹುಡುಗ ಅವರ ಬೀದಿಯವನೇ, ಅವನೂ ನೇಕಾರರ ಮನೆಯವನು. ಅವನೇ ಹೇಳಿದ್ದ.

ಮೊದಲ ತಿಂಗಳುಗಳು ಹೇಗಿದ್ದವು ಅಂದರೆ ನಮಗೆ ದಿನಾ ಪುಕ್ಕಟೆ ಸರ್ಕಸ್ಸು. ಸಾರ್ ಟ್ರ್ಯಾಕ್ ಪ್ಯಾಂಟು ಸೊಂಟಕ್ಕೆ ಬಿಗಿದು ನಮ್ಮ ಅಂಗಳಕ್ಕೆ ನುಗ್ಗುತ್ತಿದ್ದರು. ಕುಂಟುಗಾಲಿನಲ್ಲೇ ನಮ್ಮೆಲ್ಲರನ್ನೂ ಮುಟ್ಟಿ, ಮೀನಿನ ಹಾಗೆ ಜಾರಿ, ಗೆರೆ ದಾಟಿ ನಿಂತು, "ಚೂಡ್ರಾ, ಇಷ್ಟೇ!" ಅನ್ನುತ್ತಿದ್ದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಗಡಿಯವರು. ಉತ್ಸಾಹ ಬಂದರೆ ಎರಡೂ ಒಂದೇ ವಾಕ್ಯಕ್ಕೆ ಬಂದು ಕೂರುತ್ತಿದ್ದವು. 'ಚೂಡ್ರಾ' ಅಂದರೆ 'ನೋಡ್ರೋ'. ನಾವು ಚಪ್ಪಾಳೆ ಹೊಡೆಯುತ್ತಿದ್ದೆವು.

"ಸಾರ್, ಆ ಕಾಲು ಎಲ್ಲಿ ಇಡಬೇಕು?" ಅಂತ ಕೇಳಿದರೆ ಮತ್ತೆ ಓಡಿ ತೋರಿಸುತ್ತಿದ್ದರು. "ಇಲ್ಲಿ! ಇಷ್ಟೇ!" ಮೂರನೆಯ ಸಲ ಕೇಳಿದರೆ ಅವರ ಮುಖ ಬಾಡುತ್ತಿತ್ತು. ಸಿಟ್ಟಲ್ಲ ಅದು. ಇಷ್ಟು ಸುಲಭವಾದದ್ದು ಇವರಿಗೆ ಯಾಕೆ ಬರುತ್ತಿಲ್ಲ ಅನ್ನುವ ನಿಜವಾದ ಆಶ್ಚರ್ಯ. ಈಜು ಬರುವ ಮೀನನ್ನು ಈಜು ಹೇಗೆ ಅಂತ ಕೇಳಿದರೆ ಅದೇನು ಹೇಳೀತು? ಬೆನ್ನ ಹಿಂದೆ ಹುಡುಗರು ಅವರಿಗೆ 'ಇಷ್ಟೇ ಸಾರ್' ಅಂತ ಹೆಸರಿಟ್ಟರು.

ಆ ಸಲ ಮೊದಲ ಸ್ನೇಹಪೂರ್ವಕ ಪಂದ್ಯ ಹಿರಿಯೂರಿನ ಕಡೆಯ ಒಂದು ತಂಡದ ಜೊತೆ ಆಯಿತು. ಸೋತ ರೀತಿ ಹೇಳಿದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಅಧ್ಯಕ್ಷರು ಕಾರಿನಿಂದ ಇಳಿಯದೆ ಗಾಜು ಇಳಿಸಿ ಅಂದರು: "ಏನ್ರಿ ಕೋಚ್ ಸಾಹೇಬ್ರೆ, ನಕ್ಷತ್ರ ತಂದು ಕಟ್ಟಿದ್ವಿ. ಅಂಗಳದಾಗ ಇನ್ನೂ ಕತ್ಲೇನೆ ಐತಲ್ರಿ?"

ಸಾರ್ ತಲೆ ತಗ್ಗಿಸಲಿಲ್ಲ. ಜೇಬಿನಿಂದ ಬಾಚಣಿಗೆ ತೆಗೆದು ಕೂದಲು ಬಾಚಿಕೊಂಡರು. ಅವಮಾನವಾದಾಗಲೆಲ್ಲ ತಲೆ ಬಾಚುವುದು ಅವರ ಅಭ್ಯಾಸ ಅಂತ ನನಗೆ ಆಮೇಲೆ ತಿಳಿಯಿತು.

ಮಾರನೆಯ ಬೆಳಿಗ್ಗೆ ಇನ್ನಷ್ಟು ಜೋರಾಗಿ ತೋರಿಸಲು ಹೋದರು. ನನ್ನ ಎದುರಿಗೇ ಎಡಗಾಲಿನ ಮೇಲೆ ತಿರುಗಿದರು, 'ಚಟ್' ಅಂತು, ಕೂತಲ್ಲಿಂದ ಏಳಲಿಲ್ಲ. ನಾವೇ ಎತ್ತಿ ಆಟೊಗೆ ಹಾಕಿದೆವು. ಇನ್ನೊಂದು ಸಲ ಅಂಗಳಕ್ಕೆ ಇಳಿದರೆ ಕೋಲು ಹಿಡಿದೇ ನಡೆಯಬೇಕಾಗುತ್ತದೆ ಅಂತ ಡಾಕ್ಟರು ಹೇಳಿ ಕಳಿಸಿದರು.

ವಾರ ಬಿಟ್ಟು ಬಂದರು. ಕ್ರೀಡಾ ಕೋಣೆಯಿಂದ ಕಬ್ಬಿಣದ ಕುರ್ಚಿ ಹೊರಗೆ ತರಿಸಿ, ಅಂಗಳದ ಪಕ್ಕ ಮಧ್ಯಗೆರೆಗೆ ನೇರವಾಗಿ ಹಾಕಿಸಿ ಕೂತರು. ನಾವು ಆಟ ಶುರುಮಾಡಿದ್ದೇ ತಡ, "ಚೂಡ್ರಾ" ಅಂತ ಅರ್ಧ ಎದ್ದರು. ನೋವಿಗೆ ಮುಖ ಹಿಂಡಿಕೊಂಡು ಮತ್ತೆ ಕೂತರು. ಇನ್ನೊಂದು ರೈಡಿಗೆ ಮತ್ತೆ ಎದ್ದರು. ಕೊನೆಗೆ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಡೆ ಎಸೆದರು.

"ಬಾರ್ಲೇ, ನನ್ನ ಈ ಕುರ್ಚಿಗೆ ಕಟ್ಟು."

"ಸಾರ್?"

"ಕಟ್ಟಲೇ ಅಂದ್ರೆ. ಈ ಕಾಲು ನನ್ನ ಮಾತು ಕೇಳಲ್ಲ."

ಸೊಂಟಕ್ಕೂ ಕುರ್ಚಿಯ ಬೆನ್ನಿಗೂ ಸೇರಿಸಿ ಕಟ್ಟಿದೆ. ತೋರಿಸುವುದು ಬಿಟ್ಟರೆ ಹೇಳುವುದಕ್ಕೆ ಅವರ ಹತ್ತಿರ ಮಾತೇ ಇರಲಿಲ್ಲ. ಆಟ ನಡೆಯಿತು, ಎಂದಿನ ಹಾಗೆ ರೈಡರ್ ಬಂದ, ನಾನು ಹಾರಿದೆ, ತಪ್ಪಿದೆ. ನನ್ನ ಪಕ್ಕದ ನೇಕಾರ ಹುಡುಗ ಕಂಬದ ಹಾಗೆ ನಿಂತೇ ಇದ್ದ. ಆಗ ಕುರ್ಚಿಯಿಂದ ಒಂದು ಹೊಸ ಮಾತು ಬಂತು. ಅವತ್ತಿನವರೆಗೆ ನಾವು ಅವರ ಬಾಯಲ್ಲಿ ಕೇಳದ ಮಾತು.

"ನಿಂಗೆ ಏನ್ ಕಾಣ್ತು?"

ಕೇಳಿದ್ದು ನನ್ನನ್ನಲ್ಲ, ಪಕ್ಕದವನನ್ನು.

"ಅವ್ನು ಹಿಂದಕ್ಕೆ ತಿರುಗ್ತಾನೆ ಅಂತ ಕಾಣ್ತು ಸಾರ್. ಸೊಂಟ ಆಗ್ಲೇ ತಿರುಗಿತ್ತು."

"ಮತ್ತೆ ಇವನಿಗೆ ಹೇಳ್ಬೇಕಿಲ್ವೇನ್ಲೇ?"

"ಹೇಳಿದ್ರೆ ರೈಡರಿಗೂ ಕೇಳ್ತೈತಲ್ಲ ಸಾರ್."

"ಕೈ ಕೈ ಹಿಡ್ಕಂಡು ನಿಂತೀರಲ್ಲ, ಆ ಕೈ ಏನ್ ಮಾಡ್ತೈತೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಬಡ್ಡಿಯಲ್ಲಿ ಹಿಡಿಯುವವರು ಇಬ್ಬಿಬ್ಬರು ಕೈ ಹಿಡಿದು ಸರಪಳಿಯಾಗಿ ನಿಲ್ಲುತ್ತಾರೆ. ನಾವೂ ಹಾಗೇ ನಿಲ್ಲುತ್ತಿದ್ದೆವು, ಎಲ್ಲರೂ ನಿಲ್ಲುತ್ತಾರೆ ಅನ್ನುವ ಕಾರಣಕ್ಕೆ. ಸಾರ್ ಕೇಳಿದ ಪ್ರಶ್ನೆಗೆ ನಾನು ಉತ್ತರ ಹುಡುಕುವಷ್ಟರಲ್ಲಿ ನಮ್ಮ ತಂಡದ ಬಾಯಿಬಡುಕ, ಗೌರಸಮುದ್ರದವನು, ಬಲಗಡೆಯಿಂದ ಕೂಗಿದ: "ಸಾರ್, ಅವ್ನ ಕೈ ಹಿಡೀಬ್ಯಾಡ್ರಿ. ದಲ್ಲಾಳಿ ಮಗ ಅವ್ನು. ಹಿಡಿದ್ರೆ ಕುರಿ ರೇಟ್ ಹೇಳ್ತಾನೆ!"

ಎಲ್ಲರೂ ನಕ್ಕರು. ಸಾರ್ ನಗಲಿಲ್ಲ. "ಅದೇನ್ಲೇ ಅದು? ಬಾ ಇಲ್ಲಿ, ತೋರ್ಸು."

ನಮ್ಮಪ್ಪ ಕುರಿ ಸಂತೆಯಲ್ಲಿ ದಲ್ಲಾಳಿ. ಸಂತೆಯಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಒಂದು ಟವೆಲಿನ ಕೆಳಗೆ ಸೇರುತ್ತವೆ. ಯಾವ ಬೆರಳು ಹಿಡಿದರೆ ಎಷ್ಟು ಅನ್ನುವುದು ಇಬ್ಬರಿಗೂ ಗೊತ್ತು. ಕಿರುಬೆರಳು ಎಳೆದರೆ 'ತಡಿ, ಇನ್ನೂ ಕುದುರಿಲ್ಲ.' ಅಂಗೈ ಪೂರ್ತಿ ಒತ್ತಿದರೆ ವ್ಯಾಪಾರ ಮುಗಿದ ಹಾಗೆ. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ತಿಳಿಯುವುದಿಲ್ಲ. ನನಗೆ ಅಕ್ಷರಕ್ಕಿಂತ ಮೊದಲು ಬಂದದ್ದು ಈ ವಿದ್ಯೆ.

ಕುರ್ಚಿಯ ಟವೆಲ್ ಬಿಚ್ಚಿ ನನ್ನ ಕೈ, ಸಾರ್ ಕೈ ಎರಡರ ಮೇಲೂ ಹಾಕಿ ತೋರಿಸಿದೆ. ಕಿರುಬೆರಳು ಎಳೆದೆ, ಅಂಗೈ ಒತ್ತಿದೆ. ಸಾರ್ ಕಣ್ಣು ಮುಚ್ಚಿಕೊಂಡು, ಯಾರೋ ದೂರದಲ್ಲಿ ಹಾಡುವುದನ್ನು ಕೇಳಿಸಿಕೊಳ್ಳುವವರ ಹಾಗೆ ಕೂತಿದ್ದರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

"ನಾನು ಆಡಿದಷ್ಟೂ ದಿನ ಕಾರ್ನರ್ ಕಣ್ಣಿಗೆ ಆಸೆ ತೋರಿಸಿ ಹಾರಿಸ್ತಿದ್ದೆ ಕಣ್ರೋ. ಪಕ್ಕದವ್ನಿಗೆ ನನ್ನ ಸೊಂಟ ಕಾಣ್ತಿತ್ತು, ನಾನು ಏನ್ ಮಾಡ್ತೀನಿ ಅಂತ ಗೊತ್ತಾಗ್ತಿತ್ತು. ಆದ್ರೆ ಆ ಕೈಯಾಗೆ ಮಾತಿರಲಿಲ್ಲ. ಅದಕ್ಕೇ ಬದುಕ್ದೆ. ಇದು ಅವತ್ತು ಇದ್ದಿದ್ರೆ ನಾನು ಸ್ಟಾರೂ ಆಗ್ತಿರಲಿಲ್ಲ, ಸುಡುಗಾಡೂ ಆಗ್ತಿರಲಿಲ್ಲ."

ತನ್ನನ್ನು ಸೋಲಿಸಬಲ್ಲ ಉಪಾಯ ಕಂಡಾಗ ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಅಲ್ಲಿಗೆ ಬಿಡಲಿಲ್ಲ. ಸಂತೆಯ ದಿನ ಸ್ವತಃ ಕುಂಟುತ್ತ ಬಂದರು, ನಮ್ಮಪ್ಪನ ಪಕ್ಕ ಕೂತರು. "ನಂಗೂ ಒಂದು ಕೈ ಕೊಡ್ರಿ ಯಜಮಾನ್ರೆ, ಕಲೀಬೇಕು" ಅಂದರು. ಅಪ್ಪ ಪರಿಚಯದ ಕುರಿಗಾರನೊಬ್ಬನನ್ನು ಕರೆದು ಕೂರಿಸಿದ. ಟವೆಲಿನ ಕೆಳಗೆ ಕುರಿಗಾರ ಸಾರ್ ಬೆರಳು ಹಿಡಿದ. ಸಾರ್‌ಗೆ ಏನೋ ಅನುಮಾನ ಬಂತು, 'ಹಿಂಗೇನಾ?' ಅಂತ ಕೇಳುವ ಅವಸರದಲ್ಲಿ ಅವನ ಅಂಗೈಯನ್ನು ಗಟ್ಟಿಯಾಗಿ ಒತ್ತಿಬಿಟ್ಟರು.

ಕುರಿಗಾರ ಎದ್ದು ನಿಂತು ಟಗರಿನ ಹಗ್ಗವನ್ನು ಅವರ ಕೈಗೆ ಕೊಟ್ಟ.

"ಇದ್ಯಾಕಪ್ಪ?" ಅಂದರು ಸಾರ್.

"ಒತ್ತಿದ್ರಲ್ಲ ಸಾಮಿ. ನಿಮ್ದೇ ಇನ್ನ."

ನಾನು ಬಿಡಿಸಲು ಹೋದೆ. ಅಪ್ಪ ತಡೆದ. "ಕಲಿಯೋಕೆ ಬಂದೋರು ಅಂತ ಹೇಳಿ ಬಿಡಿಸ್ಬೋದು ಮೇಷ್ಟ್ರೆ. ಆದ್ರೆ ಸಂತೆಯಾಗೆ ಒತ್ತಿದ ಕೈ ವಾಪಸ್ ತಗಂಡೋರಿಲ್ಲ. ನೀವು ಹೇಳಿದಂಗೆ."

ಸಾರ್ ಟಗರನ್ನೂ ತಮ್ಮ ಕೈಯನ್ನೂ ಒಮ್ಮೆ ನೋಡಿಕೊಂಡು, ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. "ಇರ್ಲಿ ಬಿಡ್ರಿ. ಒತ್ತೋದಕ್ಕಿಂತ ಒತ್ತದೇ ಇರೋದು ಕಷ್ಟ ಅಂತ ತಿಳೀತಲ್ಲ. ಇದು ಫೀಸು." ಕುರಿಗಾರನಿಗೆ ಅಲ್ಲೇ ಚುಕ್ತಾ ಮಾಡಿ, ಟಗರನ್ನು ಹಿಡಿದುಕೊಂಡು ಪೇಟೆ ಬೀದಿಯಲ್ಲಿ ಕುಂಟುತ್ತ ಹೊರಟರು.

ಟಗರು ಕ್ರೀಡಾ ಕೋಣೆಯ ಹಿಂದಿನ ಬೇವಿನ ಮರಕ್ಕೆ ಬಂತು. ಗೌರಸಮುದ್ರದವನು ಅದರ ಗತ್ತು ನೋಡಿ 'ಅಧ್ಯಕ್ಷರು' ಅಂತ ಹೆಸರಿಟ್ಟ. ಸಾರ್ ಅದನ್ನೂ ಬಿಡಲಿಲ್ಲ, ಅದರಿಂದಲೇ ಕಾಲು ಹಿಡಿಯುವ ಪಾಠ ಮಾಡಿಸಿದರು. ಟಗರನ್ನು ಅಂಗಳದಲ್ಲಿ ಬಿಡುವುದು, ನಾನು ಮತ್ತು ನನ್ನ ಜೋಡಿ ಕೈ ಹಿಡಿದು ನಿಲ್ಲುವುದು, ಅವನು ಒತ್ತುವವರೆಗೆ ನಾನು ಬೀಳಬಾರದು. ಅವಸರಕ್ಕೆ ಬಿದ್ದರೆ ಟಗರು ಪಕ್ಕೆಗೆ ಗುದ್ದುತ್ತಿತ್ತು. ಅಂಥ ಶಿಸ್ತು ಯಾವ ಮೇಷ್ಟ್ರೂ ಕಲಿಸಿಲ್ಲ.

ಒಂದು ದಿನ ಸಾರ್ ಕುರ್ಚಿಯಲ್ಲಿ ಕಟ್ಟಿಸಿಕೊಂಡು ಕೂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು: "ಮುಖ ನೋಡಬ್ಯಾಡ್ರೋ! ಅಧ್ಯಕ್ಷರ ಹಿಂಗಾಲು ಹಿಡೀರಿ! ಹಿಂಗಾಲು!" ನಾವೆಲ್ಲ ಕಲ್ಲಾಗಿದ್ದನ್ನು ನೋಡಿ ಹಿಂದೆ ತಿರುಗಿದರು. ನಿಜವಾದ ಅಧ್ಯಕ್ಷರು ಗೇಟಿನ ಹತ್ತಿರ ನಿಂತಿದ್ದರು.

ಎದ್ದು ನಮಸ್ಕಾರ ಮಾಡೋಣವೆಂದರೆ ಟವೆಲ್ ಬಿಡುತ್ತಿಲ್ಲ. ಕೂತಲ್ಲಿಂದಲೇ ಕೈ ಮುಗಿದರು.

"ಯಾವ ಅಧ್ಯಕ್ಷರ್ರಿ?" ಅಂದರು ಅವರು.

"ಟಗರು, ಸಾರ್."

ಅಧ್ಯಕ್ಷರು ಟಗರನ್ನು ನೋಡಿದರು, ಕುರ್ಚಿಗೆ ಕಟ್ಟಿದ ಟವೆಲನ್ನು ನೋಡಿದರು. "ಫೈನಲ್ ಮುಟ್ಲಿಲ್ಲಾಂದ್ರೆ ಇಬ್ರನ್ನೂ ಒಂದೇ ಗಾಡಿಗೆ ಹತ್ತಿಸ್ತೀನಿ" ಅಂತ ಹೇಳಿ ಹೊರಟುಹೋದರು. ಅವರು ತಮಾಷೆ ಮಾಡುವ ಪೈಕಿಯವರಲ್ಲ.

ಅಂತರ ಕಾಲೇಜು ಸೆಮಿಫೈನಲ್ ನಮ್ಮ ಅಂಗಳದಲ್ಲೇ ನಡೆಯಿತು. ಉಳ್ಳಾರ್ತಿ ಕಾವಲಿನ ಬಯಲ ಕಡೆಯ ಗಾಳಿಗೆ ಧೂಳು ಏಳುತ್ತಿತ್ತು. ಎದುರು ತಂಡದ ರೈಡರ್ ನಮ್ಮ ಸಾರ್ ಹರೆಯದಲ್ಲಿ ಹೇಗಿದ್ದರೋ ಹಾಗೇ ಇದ್ದ, ಬೆಣ್ಣೆ ಹಚ್ಚಿದ ಹಾಗೆ ಕೈಯಿಂದ ಜಾರುವವನು. ಕೊನೆಗೆ ನಾವು ಒಂದು ಪಾಯಿಂಟು ಮುಂದೆ, ಉಳಿದದ್ದು ಅವನ ಒಂದೇ ರೈಡು. ಅವನು ಒಬ್ಬನನ್ನು ಮುಟ್ಟಿ ಹೋದರೂ ಸಮ, ಇಬ್ಬರನ್ನು ಮುಟ್ಟಿದರೆ ನಮ್ಮ ಸಾರ್ ಗಾಡಿ ಹತ್ತಿದರು ಅಂತಲೇ ಅರ್ಥ. ಬರಿಗೈಯಲ್ಲಿ ವಾಪಸ್ ಹೋಗುವವನಲ್ಲ ಅವನು, ಹಿಡಿದರೆ ಮಾತ್ರ ನಿಶ್ಚಿಂತೆ.

ಅವನು ನನ್ನ ಮೂಲೆಗೇ ಬಂದ. ಕಾಲು ಮುಂದಿಟ್ಟ, ತೆಗೆದ, ಮತ್ತೆ ಇಟ್ಟ. ನನ್ನ ಕಣ್ಣಿಗೆ ಆಸೆ ತೋರಿಸುತ್ತಿದ್ದಾನೆ ಅಂತ ಗೊತ್ತಿದ್ದೂ ಮೈಯೆಲ್ಲ 'ಬೀಳು ಬೀಳು' ಅನ್ನುತ್ತಿತ್ತು. ಪಕ್ಕದವನ ಕೈ ನನ್ನ ಕಿರುಬೆರಳು ಎಳೆಯಿತು. ತಡಿ. ಆ ಕಾಲು ನನ್ನ ಮೂಗಿನ ಮುಂದೆಯೇ ಬಂತು. ಮತ್ತೆ ಕಿರುಬೆರಳು. ಸುತ್ತ ಜನ "ಹಿಡೀಲೇ!" ಅಂತ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಹೆಸರು ಕೂಗಿದಾಗ ಇಳಿದ ಒಬ್ಬ ಮನುಷ್ಯನ ಮೊಣಕಾಲು ನನಗೆ ನೆನಪಾಯಿತು. ಎದುರು ತಂಡದ ಕೋಚ್ ಗೆರೆಯುದ್ದಕ್ಕೂ ಓಡಾಡುತ್ತ ಕಿರುಚುತ್ತಿದ್ದ, ನಮ್ಮವರು ಟವೆಲಿನಲ್ಲಿ ಕಟ್ಟಿಸಿಕೊಂಡು ಸುಮ್ಮನೆ ಕೂತಿದ್ದರು.

ಅವನು ತಿರುಗುವುದು ನನಗೆ ಕಾಣಲಿಲ್ಲ. ನನ್ನ ಅಂಗೈ ಮೇಲೆ ನೇಕಾರ ಹುಡುಗನ ಕೈ ಬಲವಾಗಿ ಒತ್ತಿತು. ಬಿದ್ದೆ. ಕೈಗೆ ಹಿಮ್ಮಡಿ ಸಿಕ್ಕಿತು. ಆಮೇಲೆ ನನ್ನ ಮೇಲೆ ಇಡೀ ತಂಡ ಬಿತ್ತು.

ಎದ್ದು ನೋಡಿದರೆ ಸಾರ್ ಕುರ್ಚಿಯ ಸಮೇತ ಎದ್ದು ನಿಂತಿದ್ದರು. ಬೆನ್ನಿಗೆ ಕುರ್ಚಿ ನೇತಾಡುತ್ತಿತ್ತು.

ಫೈನಲ್ಲಿನಲ್ಲಿ ಸೋತೆವು. ಮುಚ್ಚಿಡುವುದೇನು, ಚೆನ್ನಾಗಿಯೇ ಸೋತೆವು. ಆದರೆ ಮುಟ್ಟಬೇಕಾದ್ದನ್ನು ಮುಟ್ಟಿಯಾಗಿತ್ತು. ಮಾರನೆಯ ದಿನ ಅಧ್ಯಕ್ಷರು ಬೇವಿನ ಮರದ ಹತ್ತಿರ ಬಂದು ನಿಂತು, ಟಗರಿನ ಕೊಂಬು ಸವರಿ, "ಈ ಅಧ್ಯಕ್ಷರಿಗೆ ಇನ್ಮುಂದೆ ಹಿಂಡಿ ನಮ್ಮ ಮಿಲ್ಲಿಂದ ಬರ್ತೈತೆ" ಅಂದರು. ಕೆಲಸ ಗಟ್ಟಿಯಾಯಿತು ಅಂತ ಅವರು ಹೇಳಿದ್ದು ಹಾಗೆ.

ಸಾರ್ ಅವರನ್ನು ದೇವರು ಮಾಡಲು ನಾನು ಕೂತಿಲ್ಲ. ಜಂಬ ಇತ್ತು. ಬಿಸಿಲು ಕಾದ ಮಧ್ಯಾಹ್ನವೂ ರಾಜ್ಯ ತಂಡದ ಹಳೆಯ ಕೋಟು ಬಿಚ್ಚುತ್ತಿರಲಿಲ್ಲ. ಟಿವಿಯಲ್ಲಿ ಯಾವ ರೈಡರ್ ಬಂದರೂ "ಪರವಾಗಿಲ್ಲ" ಅನ್ನುವುದನ್ನು ಮೀರಿ ಹೊಗಳುತ್ತಿರಲಿಲ್ಲ. ಇನ್ನೂ ಒಂದು ವಿಚಿತ್ರ: ನಮ್ಮ ಕಾಲೇಜಿನಿಂದ ಅವರ ಕೈಯಲ್ಲಿ ಒಳ್ಳೆಯ ಹಿಡಿತಗಾರರು ಎಷ್ಟೋ ಜನ ಬಂದರು, ಒಳ್ಳೆಯ ರೈಡರ್ ಒಬ್ಬನೂ ಬರಲಿಲ್ಲ. ರೈಡಿನ ವಿಷಯ ಬಂದರೆ ಕೊನೆಯವರೆಗೂ ಅವರು 'ಇಷ್ಟೇ ಸಾರ್' ಆಗಿಯೇ ಉಳಿದರು. ನಾನು ಇದನ್ನು ಬಹಳ ಯೋಚಿಸಿದ್ದೇನೆ. ತಾನು ಸಲೀಸಾಗಿ ಮಾಡಿದ್ದನ್ನು ದೊಡ್ಡ ಆಟಗಾರ ಕಲಿಸಲಾರ, ಅದು ಅವನಿಗೆ ಯಾವತ್ತೂ ಪಾಠವಾಗಿ ಬಂದಿರುವುದೇ ಇಲ್ಲ. ಆದರೆ ತನ್ನನ್ನು ಹಿಡಿಯಲು ಬಂದ ನೂರು ಕೈಗಳನ್ನು ಅವನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇಲ್ಲ. ಅಲ್ಲಿದೆ ಅವನ ನಿಜವಾದ ಗಂಟು. ಬಿಚ್ಚಿಸುವುದು ಹೇಗೆ ಅನ್ನುವುದೇ ಪ್ರಶ್ನೆ.

ಸಾರ್ ಹೋದ ವರ್ಷ ತೀರಿಕೊಂಡರು. ಹೃದಯ ನಿಂತಿತು, ಮಲಗಿದ್ದಲ್ಲೇ. ಮೊಳಕಾಲ್ಮೂರಿನ ಮನೆಯ ಪಡಸಾಲೆಯಲ್ಲಿ ಮಲಗಿಸಿದ್ದರು. ಪಕ್ಕದ ಕೋಣೆಯಲ್ಲಿ ಮಗ್ಗ ಅವತ್ತು ಸುಮ್ಮನಿತ್ತು. ನನ್ನ ಜೋಡಿ ಹುಡುಗ, ಈಗ ಅವನೂ ತಲೆ ನರೆತವನು, ಬಾಗಿಲಲ್ಲಿ ನಿಂತಿದ್ದ. ಹೋಗಿ ಪಕ್ಕ ನಿಂತೆ. ಸ್ವಲ್ಪ ಹೊತ್ತಿಗೆ ಅವನ ಕೈ ನನ್ನ ಕೈಗೆ ಬಂತು, ಕಿರುಬೆರಳು ಎಳೆಯಿತು. ತಡಿ, ಈಗಲೇ ಹೋಗೋದು ಬೇಡ. ಹೆಣ ಎತ್ತುವವರೆಗೆ ನಿಂತೆವು.

ವ್ಯಾಪಾರದಲ್ಲಿ ನಾನು ಇಷ್ಟು ದೂರ ಬಂದದ್ದು ಒತ್ತುವ ಜಾಣತನದಿಂದಲ್ಲ, ತಡೆಯುವ ತಾಳ್ಮೆಯಿಂದ. ಅದು ಅಪ್ಪನ ವಿದ್ಯೆಯೇ, ಒಪ್ಪುತ್ತೇನೆ. ಆದರೆ ನನ್ನ ಕೈಯಲ್ಲಿದ್ದದ್ದನ್ನು ನನಗೇ ವಾಪಸ್ ತೋರಿಸಿದವರು ಸಾರ್.

ಈಗ ನಾನೂ ಆ ಕಾಲೇಜಿನ ಮಂಡಳಿಯಲ್ಲಿದ್ದೇನೆ. ಮೊನ್ನೆ ಕೋಚ್ ಕೆಲಸಕ್ಕೆ ಟಿವಿಯಲ್ಲೆಲ್ಲ ಆಡಿದ ಒಬ್ಬ ತರುಣ ಬಂದಿದ್ದ. ಉಳಿದವರು ಅವನ ಜೊತೆ ಸೆಲ್ಫಿ ತೆಗೆದುಕೊಂಡರು, ನಾನೂ ತೆಗೆದುಕೊಂಡೆ, ಸುಳ್ಳು ಯಾಕೆ. ಆಮೇಲೆ ಆ ಕಬ್ಬಿಣದ ಕುರ್ಚಿ ಅಂಗಳಕ್ಕೆ ತರಿಸಿ, ತಂಡದ ಒಬ್ಬ ಹುಡುಗನನ್ನು ಮೂಲೆಯಲ್ಲಿ ನಿಲ್ಲಿಸಿ ಹೇಳಿದೆ: "ಇದರಾಗೆ ಕೂತ್ಕಂಡು, ಏಳದೆ, ಈ ಹುಡುಗನಿಗೆ ಕಾಲು ಹಿಡಿಯೋದು ಕಲಿಸಪ್ಪ." ಅವನು ಎರಡು ಸಲ ಅರ್ಧ ಎದ್ದ, ಬೆವೆತ. ಮೂರನೆಯ ಸಲ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಹುಡುಗನನ್ನು ಕೇಳಿದ: "ರೈಡರ್ ಬಂದಾಗ ನಿಂಗೆ ಮೊದ್ಲು ಏನ್ ಕಾಣ್ತು ತಮ್ಮ?" ಕೆಲಸ ಕೊಟ್ಟೆವು.

ದೊಡ್ಡ ಆಟಗಾರ ಒಳ್ಳೆಯ ಕೋಚ್ ಆಗುತ್ತಾನೋ ಇಲ್ಲವೋ ಅಂತ ನೀವೂ ತಲೆ ಕೆಡಿಸಿಕೊಂಡಿದ್ದರೆ ನನ್ನ ಮಾತು ಕೇಳಿ. ಅವನ ಮೆಡಲು ನೋಡಬೇಡಿ, ವಿಡಿಯೊ ನೋಡಬೇಡಿ, ರೇಟಂತೂ ಮೊದಲೇ ಮಾತಾಡಬೇಡಿ. ಅಂಗಳದ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿ. ಎದ್ದು ಓಡಿ ತೋರಿಸಿ "ಇಷ್ಟೇ" ಅಂದರೆ ಚಪ್ಪಾಳೆ ಹೊಡೆದು, ಟೀ ಕುಡಿಸಿ ಕಳಿಸಿ. ಕೂತೇ ಇದ್ದು ಹುಡುಗನ ಬಾಯಿಂದ ಒಂದು ಮಾತು ಹೊರಡಿಸಿದನೋ, ಇನ್ನು ಕಿರುಬೆರಳು ಎಳೆಯುತ್ತ ಕೂರಬೇಡಿ. ಅಂಗೈ ಒತ್ತಿಬಿಡಿ.